ಬಾದಾಮಿಯ ಬಂಡೆಗಳಿಗೂ ಕಾಳಜಿ ಬೇಕು

ಮಾನ್ಯ ಸಂಪಾದಕರೇ,

ಕ್ರಿ.ಶ. 578ರ ಶಾಸನವಿರುವ ಗುಹಾಲಯಕ್ಕೆ ಹೆಸರಾದ ಬಾದಾಮಿಯು ತನ್ನ ಕೆಂಪು ಮರಳುಗಲ್ಲಿನ ಕಡಿದಾದ ಬಂಡೆಗೋಡೆಗಳಿಂದ ದೇಶವಿದೇಶಗಳ ಶಿಲಾರೋಹಿಗಳನ್ನೂ ಸೆಳೆಯುತ್ತಿದೆ. ಕಲ್ಲಿನಲ್ಲಿ ಮೊದಲೇ ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸುತ್ತ ಏರುವ ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ, ಕೈಜಾರಿದವರ ಜೀವ ಉಳಿಯುವುದು ಆ ಬೋಲ್ಟ್‌ಗಳ ಗಟ್ಟಿತನದಿಂದ. ಅವು ಕಾಲಕ್ರಮೇಣ ತುಕ್ಕು ಹಿಡಿಯುತ್ತವೆ. ನೀರು ಹೀರಿದ ಮರಳುಗಲ್ಲು ದುರ್ಬಲವಾಗುವುದರಿಂದ, ಮಳೆ ನಿಂತೊಡನೆ ಏರಿದರೆ ಕೈಹಿಡಿಕೆಗಳೇ ಮುರಿದು ಬೀಳಬಹುದು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ ಎಂಬುದನ್ನು ಹೊಸಬರಿಗೆ ತಿಳಿಹೇಳುವ ಒಂದು ಫಲಕವಾದರೂ ಅಲ್ಲಿರಬೇಕು.

ಟೋಕಿಯೊ ಕೂಟದಿಂದ ಈ ಕ್ರೀಡೆ ಒಲಿಂಪಿಕ್ಸ್‌ನಲ್ಲಿದೆ. ಇಂಥ ಗೋಡೆಗಳು ಮನೆಯಂಗಳದಲ್ಲೇ ಇರುವ ಬಾಗಲಕೋಟೆ ಜಿಲ್ಲೆಯ ಮಕ್ಕಳು ದೂರ ನಿಂತು ನೋಡುವವರಾಗಿಯೇ ಉಳಿಯಬಾರದು ಎಂಬುದು ನನ್ನ ಕಳಕಳಿ. ಆದ್ದರಿಂದ ಕ್ರೀಡಾ ಇಲಾಖೆಯು ಪುರಾತತ್ತ್ವ ಇಲಾಖೆಯೊಡನೆ ಸಮಾಲೋಚಿಸಿ, ಸ್ಮಾರಕಗಳಿಗೆ ಧಕ್ಕೆಯಾಗದ ಗೋಡೆಗಳನ್ನಷ್ಟೇ ಆರೋಹಣಕ್ಕೆ ಗುರುತಿಸಿ, ಪ್ರತಿ ಮಳೆಗಾಲದ ಬಳಿಕ ಅನುಭವಿ ಆರೋಹಿಗಳಿಂದ ಬೋಲ್ಟ್‌ಗಳನ್ನು ಪರಿಶೀಲಿಸಿ, ಸ್ಥಳೀಯ ಯುವಕ ಯುವತಿಯರಿಗೆ ಕ್ರಮಬದ್ಧ ತರಬೇತಿ ಒದಗಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಬಾಗಲಕೋಟೆ