ಬಾಯಿಲೆಕ್ಕದ ಬದಲಾದ ವೇಳೆ: ಐದನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಬಾಯಿಲೆಕ್ಕದ ಪರೀಕ್ಷೆಯನ್ನು ಮೊದಲ ಪೀರಿಯಡ್‌ನಿಂದ ಮೂರನೆಯದಕ್ಕೆ ಸರಿಸಿದ್ದನ್ನೂ, ತಪ್ಪು ಹೇಳಿದ ಮಕ್ಕಳನ್ನು ನಿಲ್ಲಿಸುವ ರೂಢಿಯನ್ನು ಕೈಬಿಟ್ಟಿದ್ದನ್ನೂ ಆಕ್ಷೇಪಿಸಿ ತಮ್ಮಲ್ಲಿ ಹಲವರು ಸಹಿ ಮಾಡಿದ ಅರ್ಜಿ ನನ್ನ ಕೈಸೇರಿದೆ. ಡೊಂಬಿವಲಿ, ಠಾಣೆಗಳಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು ಮಗುವನ್ನು ಕನ್ನಡ ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವವರ ಕಾಳಜಿಯನ್ನು ನಾನು ಎಂದೂ ಸಂಶಯಿಸಲಾರೆ. ಆದರೂ ಈ ನಿರ್ಧಾರವನ್ನು ಹಿಂತೆಗೆದುಕೊಳ್ಳುವುದಿಲ್ಲ.

ಜುಲೈನ ಒಂದು ಮಳೆಯ ಬೆಳಿಗ್ಗೆ ನಾನು ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಗಾಡಿ ತಡವಾಗಿ, ಗೇಟಿನ ಬಳಿ ಬೈಸಿಕೊಂಡು ಒಳಬಂದ ಹುಡುಗಿಗೆ ಟೀಚರ್ 47ಕ್ಕೆ 36 ಕೂಡಿಸಲು ಹೇಳಿದರು. ಏಳು ಆರು ಹದಿಮೂರು ಎಂದಳು, ದಶಕದ ಒಂದಕ್ಕಾಗಿ ಬೆರಳು ಮಡಚಿದಳು, ಆಮೇಲೆ ಆ ಬೆರಳನ್ನೇ ನೋಡುತ್ತ, "ಟೀಚರ್, ಮೊದಲನೇ ಸಂಖ್ಯೆ ಯಾವುದು?" ಎಂದು ಕೇಳಿದಳು. ಅಂದೇ ಮೂರನೆಯ ಪೀರಿಯಡ್‌ನಲ್ಲಿ ಪಕ್ಕಕ್ಕೆ ಕರೆದು 58ಕ್ಕೆ 27 ಎಂದಾಗ, ತಡವರಿಸದೆ 85 ಎಂದಳು. ಅವಳಿಗೆ ಲೆಕ್ಕ ಬರುತ್ತಿತ್ತು.

ಸಂಖ್ಯೆಗಳನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಅವುಗಳ ಮೇಲೆ ಕೆಲಸ ಮಾಡುವ ಅಲ್ಪಾವಧಿ ಸ್ಮರಣೆಯಲ್ಲಿ ಜಾಗ ಬಹಳ ಕಡಿಮೆ: 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಸುಮಾರು ಏಳು ಅಂಶಗಳೆಂದರು, 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಆತಂಕ ಬಂದು ಆ ಜಾಗದಲ್ಲೇ ಕೂರುತ್ತದೆ. ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಸಂಶೋಧಕರು ಅದೇ 2001ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕೆಲವು ಅಕ್ಷರಗಳನ್ನು ನೆನಪಿನಲ್ಲಿಡಲು ಹೇಳಿ ಕೂಡುವ ಲೆಕ್ಕ ಕೊಟ್ಟಾಗ, ಗಣಿತದ ಭಯವಿದ್ದವರು ಹೆಚ್ಚು ಎಡವಿದ್ದು ದಶಕ ಒಯ್ಯಬೇಕಾದ ಲೆಕ್ಕಗಳಲ್ಲಿಯೇ. ಬೆಳೆದವರ ಪಾಡೇ ಹೀಗಿರುವಾಗ ಹತ್ತು ವರ್ಷದ ಮಗುವಿನಿಂದ ನಾವು ಏನನ್ನು ನಿರೀಕ್ಷಿಸುತ್ತಿದ್ದೇವೆ?

"ನಾವು ಏಟು ತಿಂದೇ ಮಗ್ಗಿ ಕಲಿತೆವು" ಎಂದು ಅರ್ಜಿಯಲ್ಲಿದೆ. ಮಗ್ಗಿ ಉಳಿದದ್ದು ದಿನವೂ ಸಂಜೆ ಹೇಳಿದ್ದರಿಂದ. ಏಟಿನಿಂದ ಉಳಿದದ್ದು ಏಟಿನ ನೆನಪು. ಭಯದ ಘಟನೆಗಳನ್ನು ಮೆದುಳು ಆಳವಾಗಿ ಬರೆದಿಟ್ಟುಕೊಳ್ಳುತ್ತದೆ, ಆದರೆ ಆ ಹೊತ್ತಿನಲ್ಲಿ ಕೈಯಲ್ಲಿದ್ದ ಲೆಕ್ಕವನ್ನು ಜಾರಿಸಿಬಿಡುತ್ತದೆ. ಆ ಹುಡುಗಿ ಗೇಟಿನಲ್ಲಿ ಕೇಳಿದ ಮಾತನ್ನು ಮಧ್ಯಾಹ್ನ ನನಗೆ ಅಕ್ಷರ ಬಿಡದೆ ಒಪ್ಪಿಸಿದಳು.

ಪರೀಕ್ಷೆಯನ್ನು ರದ್ದು ಮಾಡಿಲ್ಲ, ಸುಲಭಗೊಳಿಸಿಯೂ ಇಲ್ಲ. ಮಗ್ಗಿ ಹಿಂದಿನಂತೆಯೇ ನಿತ್ಯ ನಡೆಯುತ್ತದೆ, ತಪ್ಪಿದವರು ಮತ್ತೆ ಬರೆಯುತ್ತಾರೆ, ಅಂಕಗಳು ಅಂಕಪಟ್ಟಿಗೆ ಹೋಗುತ್ತವೆ. ಸ್ವಲ್ಪ ಬಿಗಿ ಬೇಕೆಂಬ ತಮ್ಮ ಮಾತನ್ನೂ ನಾನು ಒಪ್ಪುತ್ತೇನೆ. ಮಗುವಿಗೆ ತನ್ನ ಸರದಿ ಬರಲಿದೆ ಎಂಬ ಎಚ್ಚರ ಇರಲೇಬೇಕು. ಆದರೆ ನಲವತ್ತು ಜನರೆದುರು ನಿಲ್ಲಿಸುವುದು ಬಿಗಿಯಲ್ಲ. ಆ ರೂಢಿ ಈ ಶಾಲೆಯಲ್ಲಿ ಇನ್ನು ಇರುವುದಿಲ್ಲ; ವರ್ಷಗಟ್ಟಲೆ ಅದನ್ನು ನಡೆಯಗೊಟ್ಟ ಹೊಣೆ ನನ್ನದೇ.

ಗಾಡಿಯಲ್ಲಾಗಲಿ ಗೇಟಿನಲ್ಲಾಗಲಿ, ಬೆಳಗಿನ ಹೊತ್ತು ದಯವಿಟ್ಟು ಮಗ್ಗಿ ಕೇಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಮುಂಬಯಿ