ರಾತ್ರಿ ರೈಲಲ್ಲಿ ಊಟಕ್ಕೆ ಬಿಲ್ ಕೊಡಿ, ಟಿಪ್ಸ್ ನಮ್ಮಿಷ್ಟಕ್ಕೆ ಬಿಡಿ

ಸಂಪಾದಕರೇ, ನಮಸ್ಕಾರ.

ಹೋದ ತಿಂಗಳು ಅತ್ತೇನ ಕಾಶಿಗೆ ಕರ್ಕೊಂಡು ಹೋಗಿದ್ದೆ. ವಾಪಸ್ ಬರೋವಾಗ ಎರಡು ರಾತ್ರಿ ಟ್ರೇನಲ್ಲೇ ಕಳೀಬೇಕಾಯ್ತು, ಆಗ ನಡೆದಿದ್ದು ಇನ್ನೂ ತಲೇಲಿ ಕೊರೀತಾನೇ ಇದೆ, ಅದಕ್ಕೇ ಬರೀತಿದೀನಿ. ಅತ್ತೆಗೆ ಶುಗರ್, ರಾತ್ರಿ ಎಂಟರ ಒಳಗೆ ಊಟ ಆಗ್ಲೇಬೇಕು. ಪ್ಯಾಂಟ್ರಿ ಹುಡುಗ ಆರ್ಡರ್ ಬರ್ಕೊಳಕ್ಕೆ ಬಂದಾಗ ಎರಡು ವೆಜ್ ಊಟ ಹೇಳಿದ್ವಿ. ಬಂದಿದ್ದು ಒಂಬತ್ತೂವರೆಗೆ, ಅನ್ನ ತಣ್ಣಗೆ, ಮೊಸರೇ ಇಲ್ಲ, ಒಂದು ಊಟಕ್ಕೆ 130 ರೂಪಾಯಿ ಅಂದ. ಬಿಲ್ ಕೊಡಪ್ಪ ಅಂದ್ರೆ ಮಷೀನ್ ಕೆಟ್ಟಿದೆ ಮೇಡಂ ಅಂತ.

ರೈಲಲ್ಲಿ ಮಾಮೂಲಿ ವೆಜ್ ಊಟಕ್ಕೆ ರೈಲ್ವೆಯವರೇ ಫಿಕ್ಸ್ ಮಾಡಿರೋ ರೇಟು 80 ರೂಪಾಯಿ, ಸ್ಟೇಷನ್ನಲ್ಲಿ ತಗೊಂಡ್ರೆ 70. ಅದರಲ್ಲಿ ಅನ್ನ 150 ಗ್ರಾಂ, ದಾಲ್ ಅಥವಾ ಸಾಂಬಾರ್ 150 ಗ್ರಾಂ, ಮೊಸರು 80 ಗ್ರಾಂ, ಎರಡು ಪರಾಠ ಇಲ್ಲಾ ನಾಲ್ಕು ಚಪಾತಿ, ಪಲ್ಯ, ಉಪ್ಪಿನಕಾಯಿ ಎಲ್ಲಾ ಇರ್ಬೇಕು. ಒಂದು ಲೀಟರ್ ರೈಲ್ ನೀರ್ ಬಾಟಲಿ 2025ರ ಸೆಪ್ಟೆಂಬರಿಂದ 14 ರೂಪಾಯಿ, ನಮ್ ಬೋಗೀಲಿ ಎಲ್ಲರೂ 20 ಕೊಟ್ಟೇ ತಗೊಂಡ್ರು. 2019ರಲ್ಲಿ ಆಗಿನ ರೈಲ್ವೆ ಮಂತ್ರಿ ಪೀಯೂಷ್ ಗೋಯಲ್ ಅವರು ಬಿಲ್ ಕೊಡದಿದ್ರೆ ಊಟಕ್ಕೆ ದುಡ್ಡು ಕೊಡ್ಬೇಡಿ ಅಂತ ಹೇಳಿದ್ರು, ಟಿಪ್ಸೂ ಬೇಡ ಅಂತ ರೇಟ್ ಪಟ್ಟೀಲೇ ಹಾಕಿಸ್ತೀವಿ ಅಂದಿದ್ರು. ನಾನು ಕೂತಿದ್ದ ಬೋಗೀಲಿ ಒಂದು ರೇಟ್ ಪಟ್ಟೀನೂ ಕಾಣ್ಲಿಲ್ಲ, ಕನ್ನಡದಲ್ಲಂತೂ ಇಲ್ವೇ ಇಲ್ಲ.

ಸಿಟ್ಟಲ್ಲಿ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡ್ದೆ. ಮುಂದಿನ ದೊಡ್ಡ ಸ್ಟೇಷನ್ನಲ್ಲಿ ಇಬ್ಬರು ಹತ್ತಿ, ಕಂಪ್ಲೇಂಟ್ ಬರ್ಸ್ಕೊಂಡು ಜಾಸ್ತಿ ತಗೊಂಡಿದ್ದ ನೂರು ರೂಪಾಯಿ ವಾಪಸ್ ಕೊಡ್ಸಿದ್ರು. ಅಷ್ಟಕ್ಕೇ ಮುಗೀತು ಅನ್ಕೊಂಡಿದ್ದೆ. ಹನ್ನೊಂದು ಗಂಟೆಗೆ ಎಲ್ಲರೂ ಲೈಟ್ ಆರಿಸಿ ಮಲಗಿದ್ಮೇಲೆ ಆ ಹುಡುಗ ಬಂದು ಪರದೆ ಪಕ್ಕ ನಿಂತ, ಇಪ್ಪತ್ತು ವರ್ಷಾನೂ ಇರ್ಲಿಕ್ಕಿಲ್ಲ. ಜಗಳಕ್ಕೆ ಬಂದ ಅನ್ಕೊಂಡೆ, ಆದ್ರೆ ಮೆತ್ತಗೆ ಹಿಂದೀಲಿ ಹೇಳ್ದ, ಆಂಟಿ ನನಗೆ ಸಂಬಳ ಅಂತ ಇಲ್ಲ, ಒಂದು ಊಟಕ್ಕೆ ಇಷ್ಟು ಅಂತ ಮ್ಯಾನೇಜರ್‌ಗೆ ಕಟ್ಟಬೇಕು, ಅದರ ಮೇಲೆ ಸಿಕ್ಕಿದ್ದೇ ನಂದು, ಈಗ ದಂಡಾನೂ ನನ್ನ ತಲೆ ಮೇಲೇ ಬರತ್ತೆ ಅಂತ. ಬೆಳಗ್ಗೆ ಟೀ ತಂದಿದ್ದು ಬೇರೆ ಹುಡುಗ. ಅವನೆಲ್ಲಿ ಅಂತ ಕೇಳಿದ್ರೆ ಇಳಿಸಿಬಿಟ್ರು ಅಂದ. ನನಗೆ ಆ ಟೀ ಗಂಟಲಲ್ಲಿ ಇಳೀಲಿಲ್ಲ.

ನಾನು ಕಂಪ್ಲೇಂಟ್ ಮಾಡಿದ್ದು ತಪ್ಪು ಅಂತ ಈಗ್ಲೂ ಅನ್ಸಲ್ಲ. ಆದ್ರೆ ಜಾಸ್ತಿ ದುಡ್ಡು ತಗೊಳೋ ಹಾಗೆ ಅವನನ್ನ ನಿಲ್ಲಿಸಿದ ಗುತ್ತಿಗೆದಾರನಿಗೆ ಏನೂ ಆಗದೆ ತಟ್ಟೆ ಹಿಡ್ಕೊಂಡು ಬಂದವನ ಕೆಲಸ ಮಾತ್ರ ಹೋಯ್ತಲ್ಲ, ಇದು ಯಾವ ನ್ಯಾಯ?

ಬೆಡ್‌ರೋಲ್ ವಿಷಯಾನೂ ಹೀಗೇ. ಏಸಿ ಟಿಕೆಟ್ಟಲ್ಲೇ ಅದರ ದುಡ್ಡು ಸೇರಿರತ್ತೆ, ಕೇಳಿದ್ರೆ ಮಾತ್ರ ಟವೆಲ್ ಕೊಡ್ತಾರೆ. ಯಾಕೆ ಅಂದ್ರೆ ಒಂದು ಟವೆಲ್ ಕಳೆದ್ರೆ ನಮ್ ಸಂಬಳದಲ್ಲಿ ಹಿಡೀತಾರೆ ಅಂದ ನಮ್ ಬೋಗಿ ಅಟೆಂಡರ್. ಮನೆಗೆ ಟವೆಲ್ ಹೊತ್ಕೊಂಡು ಹೋಗೋ ಪ್ರಯಾಣಿಕರು ದಯವಿಟ್ಟು ಇದನ್ನ ಓದಿ. ಅವನು ಮಲಗೋದು ಟಾಯ್ಲೆಟ್ ಪಕ್ಕ, ಬಾಗಿಲ ಹತ್ರ, ಬಳಸಿದ ಬೆಡ್‌ಶೀಟ್ ಗಂಟುಗಳ ಮಧ್ಯೆ. ಆದ್ರೂ ಬೆಳಗಿನ ಜಾವ ಮೂರೂವರೆಗೆ ಒಬ್ಬರು ಅಜ್ಜ ಇಳೀಬೇಕು ಅಂತ ನೆನಪಿಟ್ಕೊಂಡು ಎಬ್ಬಿಸಿ, ಕನ್ನಡಕ ಹುಡುಕಿ ಕೊಟ್ಟು, ಬ್ಯಾಗ್ ಹೊತ್ತು ಪ್ಲಾಟ್‌ಫಾರ್ಮಿಗೆ ಇಳಿಸಿ ಬಂದ, ಅಜ್ಜ ಕೊಟ್ಟ ಐವತ್ತು ರೂಪಾಯೀನ ಎರಡು ಸಲ ಬೇಡ ಅಂದ. ನಮ್ಮತ್ತೇನೂ ಇಳಿಯೋವಾಗ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ರು, ಯಾರೂ ಕೇಳಿರ್ಲಿಲ್ಲ. ಟಿಪ್ಸ್ ಅಂದ್ರೆ ಇದು. ಕೊನೇ ರಾತ್ರಿ ಊಟದ ಹುಡುಗರು ಸೋಂಪು ಕಲ್ಲುಸಕ್ಕರೆ ತಟ್ಟೆ ಹಿಡ್ಕೊಂಡು ಸೀಟ್ ಸೀಟಿಗೂ ಬಂದು, ಹತ್ತು ಹಾಕಿದ್ರೆ ಮುಖ ನೋಡ್ಕೊಂಡು ನಿಲ್ಲೋದಿದ್ಯಲ್ಲ, ಅದು ವಸೂಲಿ. ಹಾಗೆ ನಿಲ್ಲೋರಿಗೂ ಅದು ಇಷ್ಟ ಅಂತ ನನಗನ್ನಿಸಲ್ಲ.

ರೈಲ್ವೆಯವರು ಗುತ್ತಿಗೆ ಕೊಡೋವಾಗ್ಲೇ ಈ ಹುಡುಗರಿಗೆ ತಿಂಗಳಿಗಿಷ್ಟು ಸಂಬಳ ಅವರವರ ಬ್ಯಾಂಕ್ ಖಾತೆಗೇ ಹೋಗ್ಬೇಕು ಅಂತ ಬರ್ಸ್ಲಿ, ಬಂದ ದೂರಿಗೆ ದಂಡ ಗುತ್ತಿಗೆದಾರನ ಬಿಲ್ಲಲ್ಲಿ ಕಟ್ ಆಗ್ಲಿ. ಮಷೀನ್ ಕೆಟ್ರೆ ಕೈಯಲ್ಲಿ ಬರೆದಾದ್ರೂ ಬಿಲ್ ಕೊಡ್ಲಿ. ಊಟ ತಡ ಆಗತ್ತೆ ಅಂತ ಮೊದ್ಲೇ ಹೇಳಿದ್ರೆ ಶುಗರ್ ಇರೋರು ಸ್ಟೇಷನ್ನಲ್ಲಿ ಎರಡು ಬಾಳೆಹಣ್ಣಾದ್ರೂ ತಗೋತಾರೆ.

ನಿಮ್ಮಲ್ಲಿ ಒಂದು ಕೋರಿಕೆ. ರೈಲಿನ ಊಟ, ತಿಂಡಿ, ಟೀ, ನೀರಿನ ರೇಟ್ ಪಟ್ಟೀನ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಒಂದು ಸಲ ಪೇಪರಲ್ಲಿ ಹಾಕಿ. ನಮ್ಮತ್ತೆ ಕತ್ತರಿಸಿ ಪರ್ಸಲ್ಲಿ ಇಟ್ಕೋತೀನಿ ಅಂತಿದಾರೆ, ಮುಂದಿನ ವರ್ಷ ಅವರಿಗೆ ಪುರಿ ಜಗನ್ನಾಥನ್ನ ನೋಡ್ಬೇಕಂತೆ.

ಇಂತಿ,
ಒಬ್ಬಳು ಓದುಗಾರ್ತಿ, ದಾವಣಗೆರೆ