ಎರಡು ಬಾಟಲಿ ನೀರು

ದಾವಣಗೆರೆ,
ಭಾನುವಾರ

ಪ್ರೀತಿಯ ತಿಪ್ಪೇಸ್ವಾಮಿ,

ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, ಕೋಡಿ ಹರಿಯುವ ವಿಡಿಯೊ ಕಳುಹಿಸಿ, ‘ನಮ್ಮ ಸೀಮೆಗೂ ಒಳ್ಳೆಯ ಕಾಲ ಬಂತಲ್ಲ’ ಎಂದು ಬರೆದಿದ್ದೆಯಲ್ಲ, ಅದಕ್ಕೆ ಎರಡು ಸಾಲಿನಲ್ಲಿ ಉತ್ತರಿಸಲು ಮನಸ್ಸಾಗಲಿಲ್ಲ. 1933ರ ನಂತರ 2022ರಲ್ಲಿ, ಅಂದರೆ 89 ವರ್ಷಗಳ ಮೇಲೆ, ಮಾರಿಕಣಿವೆ ಕೋಡಿ ಬಿದ್ದಾಗ ನಾವಿಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ಹಿರಿಯೂರಿಗೆ ಹೋಗಿದ್ದು ನನಗೂ ನೆನಪಿದೆ. ಆ ಸಂತೋಷ ಸುಳ್ಳಲ್ಲ. ಆದರೆ ಅದಾಗಿ ವರ್ಷ ತುಂಬುವ ಮುನ್ನವೇ, 2023ರ ಆಗಸ್ಟ್ ಮೊದಲ ವಾರದಲ್ಲಿ, ಚಿತ್ರದುರ್ಗ ನಗರಕ್ಕೇ ಸೇರಿದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದು ಜನ ಸತ್ತರು; ನೂರಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಯಾರೋ ವಿಷ ಬೆರೆಸಿದ್ದಾರೆಂಬ ಗುಮಾನಿ ಮೊದಲು ಹಬ್ಬಿತು, ಆಮೇಲೆ ಕಾಲರಾ ರೋಗಾಣುವಿನ ಮಾತು ಬಂತು. ಸತ್ತವರು ದಲಿತ ಕೇರಿಯವರು ಎಂಬುದನ್ನು ಕೆಲವರು ಸುದ್ದಿಯ ಕೊನೆಯಲ್ಲಿ ಹೇಳಿದರು, ಕೆಲವರು ಹೇಳಲೇ ಇಲ್ಲ. ನನಗೆ ಅದೇ ಸುದ್ದಿಯ ಮೊದಲ ಸಾಲಾಗಬೇಕಿತ್ತು ಅನಿಸುತ್ತದೆ. ಯಾಕೆಂದರೆ ನಮ್ಮ ಊರುಗಳಲ್ಲಿ ಪೈಪು ಕೊನೆಗೆ ತಲುಪುವುದು ಎಲ್ಲಿಗೆ, ಒಡೆದರೆ ತಡವಾಗಿ ರಿಪೇರಿಯಾಗುವುದು ಯಾವ ಕೇರಿಯದು ಎಂಬುದನ್ನು ತಿಳಿಯಲು ಯಾವ ತನಿಖೆಯೂ ಬೇಕಿಲ್ಲ. ನೀರುಗಂಟಿಯನ್ನು ಕೇಳಿದರೆ ಸಾಕು.

ಕಳೆದ ತಿಂಗಳು ಜಗಳೂರಿನ ಬಸ್ಸು ಹತ್ತುವಾಗ ನಮ್ಮೂರಿನಿಂದ ಎರಡು ಬಾಟಲಿ ನೀರು ತಂದಿದ್ದೆ. ಒಂದು ಹೊಸ ಬೋರಿನದು, ಇನ್ನೊಂದು ಕೆರೆಯ ಪಕ್ಕದ ಹಳೆಯ ಬಾವಿಯದು. ಕಾಲೇಜಿನ ಪ್ರಯೋಗಾಲಯದಲ್ಲಿ ಫ್ಲೋರೈಡ್ ಕಿಟ್‌ನ ದ್ರಾವಣವನ್ನು ಹಾಕಿದಾಗ ಬಾವಿಯ ನೀರು ಗುಲಾಬಿಯಾಗಿಯೇ ಉಳಿಯಿತು, ಬೋರಿನ ನೀರು ನೋಡನೋಡುತ್ತ ಹಳದಿಗೆ ತಿರುಗಿತು. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಹಳದಿಯತ್ತ ಹೋಗುತ್ತದೆ. ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ ಒಂದೂವರೆಯವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ನಮ್ಮ ಬೋರಿನ ನೀರಿನ ಬಣ್ಣ ಕಿಟ್‌ನ ಬಣ್ಣದ ಕಾರ್ಡಿನಲ್ಲಿ ಅದಕ್ಕಿಂತ ಬಹಳ ಮುಂದಿನ ಗೆರೆಗೆ ಹೊಂದುತ್ತಿತ್ತು. ಇದರಲ್ಲಿ ಯಾರೂ ವಿಷ ಬೆರೆಸಿಲ್ಲ. ನಮ್ಮ ಕಾಲಡಿಯ ಕಣಶಿಲೆಯಲ್ಲೇ (ಗ್ರಾನೈಟ್) ಫ್ಲೋರೈಡ್ ಇದೆ. ಬಂಡೆಯೊಳಗೆ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಬರುತ್ತದೆ. ಕೆರೆಗಳನ್ನು ಹೂಳು ತುಂಬಲು ಬಿಟ್ಟು, ನೂರಾರು ಅಡಿ ಕೊರೆದು ಆ ಹಳೆಯ ನೀರನ್ನು ಮೇಲೆತ್ತಿದವರು ನಾವು.

ಅಮ್ಮ ಈಗಲೂ ನೀರನ್ನು ಕುದಿಸಿ ಆರಿಸಿ ಕೊಡುತ್ತಾಳೆ. ಕಾಲರಾ ತಡೆಯಲು ಅದು ಸರಿಯಾದ ದಾರಿ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು ತಿಳಿಯದೆ ಇನ್ನೂ ಸುಮ್ಮನಿದ್ದೇನೆ.

ಚಿಕ್ಕಪ್ಪನ ಮಗಳನ್ನು ನೀನು ನೋಡಿದ್ದೀಯ. ಅವಳು ನಗುವಾಗ ಸೆರಗೋ ದುಪಟ್ಟಾವೋ ಬಾಯಿಗೆ ಬರುತ್ತದೆ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲೇ ಈ ನೀರು ಕುಡಿದವರಿಗೆ ಬರುವ ಕಂದು ಪಟ್ಟೆ ಅದು. ಎಷ್ಟು ಉಜ್ಜಿದರೂ ಹೋಗದು. ಯುಗಾದಿಯ ನಂತರ ಅವಳನ್ನು ನೋಡಲು ಬಂದವರಲ್ಲಿ ಒಬ್ಬ ಹಿರಿಯರು, ‘ಹುಡುಗಿ ಹೊಗೆಸೊಪ್ಪು ಹಾಕ್ತಾಳೇನ್ರಿ?’ ಎಂದು ಚಿಕ್ಕಪ್ಪನನ್ನೇ ಕೇಳಿದರು. ಅವರ ಊರು ಚಳ್ಳಕೆರೆಯ ಆಚೆಗಿದೆ, ಅವರ ಹಲ್ಲೂ ಅದೇ ಬಣ್ಣದ್ದು! ಗಂಡಸಿನ ಬಾಯಲ್ಲಿ ಅದು ನೀರಿನ ದೋಷ, ಹೆಣ್ಣಿನ ಬಾಯಲ್ಲಿ ನಡತೆಯ ದೋಷ. ಪತ್ರಿಕೆಗಳು ಒಂದನ್ನು ಪರಿಸರದ ಪುಟದಲ್ಲಿ, ಇನ್ನೊಂದನ್ನು ಸಮಾಜದ ಪುಟದಲ್ಲಿ ಹಾಕುವುದನ್ನು ನೋಡಿದರೆ, ಅವಳನ್ನು ಯಾವ ಪುಟದಲ್ಲಿ ಹಾಕುತ್ತಾರೋ ಎಂದು ಯೋಚಿಸುತ್ತೇನೆ. ಒಂದೇ ವಾರದಲ್ಲಿ ಸತ್ತರೆ ಸಚಿವರು ಬರುತ್ತಾರೆ. ಇದೇ ಫ್ಲೋರೈಡಿನಿಂದ ಇಪ್ಪತ್ತು ವರ್ಷಗಳಲ್ಲಿ ಮೂಳೆ ಬಿಗಿದು ಬೆನ್ನು ಬಾಗಿದರೆ ಅದು ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ.

ಶುದ್ಧ ನೀರಿನ ಘಟಕ ಇದೆಯಲ್ಲ ಎಂದು ನೀನು ಕೇಳಬಹುದು. ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತಿತ್ತು. ಯುಗಾದಿಗೆ ಮುಂಚೆ ಮೋಟಾರು ಸುಟ್ಟಿದ್ದು, ನಾನು ಕಳೆದ ಸಲ ಹೋದಾಗಲೂ ಬಾಗಿಲಿಗೆ ಬೀಗವಿತ್ತು. ಅದು ನಡೆಯುತ್ತಿದ್ದ ದಿನಗಳಲ್ಲೂ ನನಗೊಂದು ಕಿರಿಕಿರಿಯಿತ್ತು: ಯಂತ್ರ ಬೇಡವೆಂದು ಹೊರಹಾಕುವ ನೀರು, ಅಂದರೆ ಫ್ಲೋರೈಡ್ ಇನ್ನಷ್ಟು ಸೇರಿದ ನೀರು, ಗೋಡೆಯ ಪಕ್ಕದ ಗುಂಡಿಯಲ್ಲಿ ನಿಂತು, ಎಮ್ಮೆಗಳು ಅದನ್ನೇ ಕುಡಿಯುತ್ತಿದ್ದವು.

ನನ್ನ ಅಭಿಪ್ರಾಯ ಕೇಳಿದರೆ, ಯಂತ್ರಕ್ಕಿಂತ ಕೆರೆಯ ಮೇಲೆ ನನಗೆ ನಂಬಿಕೆ. ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯ ನೀರು ಬಂದ ಮೇಲೆ, ಕೆರೆಯ ಪಕ್ಕದ ಬಾವಿಗಳಲ್ಲಿ ಜೀವ ಬಂದಿದೆ. ನನ್ನ ಗುಲಾಬಿ ಬಾಟಲಿ ಅಂಥ ಬಾವಿಯದೇ. ಭದ್ರೆಯ ನೀರನ್ನು ನಮ್ಮ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರವು 2023ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಮಾತನ್ನು ಇಲ್ಲಿ ತೆಗೆಯುವುದಿಲ್ಲ, ತೆಗೆದರೆ ಪತ್ರ ಮುಗಿಯುವುದಿಲ್ಲ. ಆದರೆ ಒಂದೇ ಬಾವಿಯ ಬಣ್ಣ ನೋಡಿ ಇಷ್ಟು ದೊಡ್ಡ ಮಾತಾಡುವುದು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನಮ್ಮ ಮೇಷ್ಟ್ರು ಗದರಿದ್ದಾರೆ. ಆದ್ದರಿಂದ ದೀಪಾವಳಿಗೆ ಊರಿಗೆ ಬಂದವನು ಹಿಂತಿರುಗುವಾಗ ನಿಮ್ಮೂರ ನೀರನ್ನೂ ತಾ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ. ಊರ ಮುಂದಿನ ಟ್ಯಾಂಕಿನದು ಒಂದು, ಹಟ್ಟಿಯ ನಲ್ಲಿಯದು ಒಂದು. ಯಾವುದು ಎಲ್ಲಿಯದೆಂದು ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡ.

ನಿನ್ನ,
ಬಸವರಾಜ